ಆಯೀಚಾ

ಯಂತ್ರ ಚಲೋ ಅದ. ಚಾರ್ಜರ್ ಅಷ್ಟ ಇಲ್ಲ.
ಭಿಶಿಯೊಳಗ ನನ್ನ ಚೀಟಿ ಎದ್ದ ವರ್ಷ ತಂದದ್ದು,
ಕೈಯಾಗ ಹಿಡಿದು ಧೂಳು ಹೀರೂದು, ವಾಯರಿಲ್ಲದ್ದು.
ಮಗ್ಗದ ಮನಿಗೆ ಇದಕ್ಕಿಂತ ದೊಡ್ಡ ದಾಗೀನ ಯಾವುದು?
ಟವೆಲ್ಲಿನ ನೂಲು ಗಾಳಿಯಾಗ ಹಾರಿ
ಹಾಲಿನ ಕೆನಿ ಮ್ಯಾಲ ಕೂಡತದ, ಹುಬ್ಬಿನ ಮ್ಯಾಲ,
ಅತ್ತಿಯ ಕೆಮ್ಮಿನೊಳಗ.

ಚಾರ್ಜರ್ ಹೆಂಗ ಹೋತು ಅಂತ ಕೇಳಬ್ಯಾಡ್ರಿ.
ಕೇಳಿದ್ರ ಹೇಳತೀನಿ: ಅತ್ತಿ ಅದನ್ನ
ಒಡದ ಬಕೀಟಿನ ಜೋಡಿ ಗುಜರಿಯವಗ ಹಾಕಿ
ಪಾವ ಕಿಲೋ ಬಳ್ಳೊಳ್ಳಿ ತಗೊಂಡಾಳ.
ಆ ಬಳ್ಳೊಳ್ಳಿ ಚಟ್ನಿ ನಾನೂ ತಿಂದೀನಿ.

ನವೀ ಪೇಠದಾಗ ಮೊದಲನೇ ಅಂಗಡಿಯಾಂವ
ಯಂತ್ರ ಮುಟ್ಟಲೇ ಇಲ್ಲ. "ನವೀನ ಘ್ಯಾ" ಅಂದ.
ಎರಡನೇದಾಂವ ಪಿನ್ನು ತುರುಕಿ ನೋಡಿದ.
ಒಂದು ದಪ್ಪ. ಒಂದು ಸಣ್ಣ. ಇನ್ನೊಂದು
ಸೋದರಮಾವನ ಸಂಬಂಧದಂಗ ತಟ್ಟನ ಕೂತಿತು,
ದೀಪ ಮಾತ್ರ ಹತ್ತಲಿಲ್ಲ.
"ವೋಲ್ಟ್ ಎಷ್ಟು?"
ಯಂತ್ರದ ಬೆನ್ನಿನ ಅಕ್ಷರ ಬೆವರಿಗೆ ಅಳಿಸಿ
ಒಂದರ ಮುಂದ ಏನೋ ಒಂದು ಅಂಕಿ ಉಳದದ.
ಎರಡಿರಬಹುದು, ಐದಿರಬಹುದು,
ನನ್ನ ಹುಟ್ಟಿದ ತಾರೀಖಿನಂಗ,
ಸಾಲಿಯವರು ಬರಕೊಂಡದ್ದೇ ಖರೆ.

ಸಾತ್ ರಸ್ತಾ ತನಕ ಬಿಸಿಲಾಗ ನಡದೆ.
ಹಿಂದಿಯೊಳಗ ನಹೀ, ಮರಾಠಿಯೊಳಗ ನಾಹೀ,
ತೆಲುಗಿನೊಳಗ ಲೇದು.
"ನಾಳಿಗೆ ಬರ್ರಿ" ಅಂದಾಂವ ಒಬ್ಬನ,
ಇಂಡಿ ಕಡಿಯಾಂವ, ನಮ್ಮ ಮಾತಿನಾಂವ,
ಇಲ್ಲ ಅನ್ನಲಿಕ್ಕೆ ನಾಚಿಕಿ ಅವಗ.

ಕಡೀಕ ಅಂಬಾದಾಸ ಚಿಪ್ಪಾ.
ಜಿನಾದ ಕೆಳಗ ಮೂರು ಫೂಟಿನ ಅಂಗಡಿ,
ಗೋಣಿಚೀಲದ ತುಂಬ ಚಾರ್ಜರು.
ಒಂದು ಎಳದ್ರ ಒಂದಕ್ಕೊಂದು ಹೆಣಕೊಂಡು
ಎಲ್ಲಾ ಎದ್ದು ಬರತಾವ, ಬೀಗರು ಬಂದಂಗ.
ಅವುಗಳ ಯಂತ್ರ ಎಲ್ಲೆಲ್ಲಿ ಸತ್ತಾವೋ.
ನಮ್ಮ ಮನ್ಯಾಗ ಸತ್ತದ್ದು ಬ್ಯಾರೆ, ಉಳದದ್ದು ಬ್ಯಾರೆ.
ಅಂವಾ ಮಾತಾಡಲಿಲ್ಲ.
ಮೀಟರಿನ ಕೆಂಪು ಸೂಜಿ, ಕರೀ ಸೂಜಿ ಚುಚ್ಚತಾ
ತನ್ನ ಚಹಾ ಆರೂದನ್ನ ನೋಡತಿದ್ದ.
ಹದಿನಾಲ್ಕನೇದ್ದಕ್ಕ ಹತ್ತಿತು
ಮೂಗಿನ ಹರಳಿನಷ್ಟು ಕೆಂಪು ದೀಪ.
ಅರವತ್ತು ರೂಪಾಯಿ.
"ಅಕ್ಕಾ, ಬ್ಯಾಟರಿ ಮುದುಕಿ ಆಗ್ಯಾಳ.
ಊಟ ಹಾಕ್ರಿ. ಓಡಿಸಬ್ಯಾಡ್ರಿ."

ಸಿಟಿ ಬಸ್ಸಿನಾಗ ಕೂತು ತಿರುವಿ ನೋಡಿದೆ.
ಚಾರ್ಜರಿನ ಬೆನ್ನಿಗೆ ಬಿಳೀ ಪಟ್ಟಿ,
ಬಾಲ್ ಪೆನ್ನಿಲೆ ಬರದದ್ದು, ಮರಾಠಿ: ಆಯೀಚಾ.
ಅವ್ವಂದು.
ಯಾರ ಅವ್ವಂದು? ಯಾವ ಯಂತ್ರದ್ದು?
ಮೊಣಕಾಲಿಗೆ ಕಟ್ಟೂದೋ, ಮೂಗಿಗೆ ಹಿಡಿಯೂದೋ,
ರಾತ್ರಿ ತಲಿದಿಂಬಿನ ಬಾಜೂಕ ಇಡೂ ದೀಪದ್ದೋ?
ಮನ್ಯಾಗ ಬ್ಯಾರೆ ಯಾರೂ ಎಳಕೊಂಡು ಹೋಗಬಾರದಂತ
ಯಾರೋ ಕೂತು ಬರದಾರ.
ಎಳಕೊಂಡು ಹೋಗಲಿಕ್ಕೆ ಅಂಗಡಿತನಕ ಬಂತು.

ರಾತ್ರೆಲ್ಲ ಚಾರ್ಜಿಗಿಟ್ಟು ಮುಂಜಾನೆ ಗುಂಡಿ ಒತ್ತಿದೆ.
ಗುಂಯ್ ಅಂತು. ನಾಲ್ಕು ನಿಮಿಷ. ನಿಂತಿತು.
ಹೊಟ್ಟಿ ಬಿಚ್ಚಿ ಝಾಡಿಸಿದ್ರ
ಮ್ಯಾಲ ಇವತ್ತಿನ ಬಿಳೀ ನೂಲು,
ಅದರ ಕೆಳಗ ಹಸರ.
ಹಸರು ಟವೆಲ್ ನೇದು ಎರಡು ವರ್ಷಾತು,
ಲಾತೂರಿನ ಮಂಗಲ ಕಾರ್ಯಾಲಯದವರ ಆರ್ಡರು,
ರೊಕ್ಕ ಇನ್ನೂ ಬರಬೇಕು.

ಈಗ ದಿನಕ್ಕ ನಾಲ್ಕು ನಿಮಿಷ,
ಪಗಾರ ಬಂದಂಗ ಎಣಿಸಿ ಖರ್ಚು ಮಾಡತೀವಿ.
ಮಗ್ಗದ ಕೆಳಗ ಒಂದೂವರಿ. ಒಲಿಕಟ್ಟಿಗೆ ಒಂದು.
ಇವರು ತಮ್ಮ ಅಂಗಿಗೆ ಅರ್ಧ ನಿಮಿಷ ಕೇಳತಾರ,
ನಾ ಕೊಡೂದಿಲ್ಲ.
ಉಳದದ್ದು ಅತ್ತಿ ಹಾಸಿಗಿಗೆ.

ಆ ಪಟ್ಟಿ ಕೀಳಲಿಕ್ಕೆ ಉಗುರು ಹಚ್ಚಿದ್ದೆ.
ಅತ್ತಿ ಕಲತದ್ದು ಮರಾಠಿ ಸಾಲಿ, ಎರಡನೇ ಇಯತ್ತಾ.
ಚಾಳೀಸ ಏರಿಸಿ, ಕೈಯಾಗ ಇಸಕೊಂಡು,
ಅಕ್ಷರ ಕೂಡಿಸಿ ಓದಿದ್ಲು:
ಆ. ಯೀ. ಚಾ.
"ನಂದ ಅದ ಇದು" ಅಂದ್ಲು,
"ಬಳ್ಳೊಳ್ಳಿಗೆ ಹಾಕಬ್ಯಾಡ ಮತ್ತ."